ಮನೆ ಕಳಕೊಂಡವರಿಗೆ ಟಾರ್ಪಾಲ್ ಕಳಿಸಿದರೆ ಸಾಕಲ್ಲವೇ?

ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಗುಡ್ಡ ಜಾರಿದ ಸುದ್ದಿ ಬಂದ ಮರುದಿನವೇ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ: "ನಾವೊಂದಷ್ಟು ಜನ ಸೇರಿ ನೂರು ಟಾರ್ಪಾಲ್ ಕಳಿಸ್ತೀವಿ, ಸಾಕಲ್ವಾ?" ಕಳಿಸಿ, ಖಂಡಿತ ಬೇಕು. ಆದರೆ ಟಾರ್ಪಾಲ್ ಬಿಚ್ಚುವ ಮೊದಲು ಜಾಗ ನೋಡಬೇಕು, ನೀರು ಹೋಗುವ ದಾರಿ ಮಾಡಬೇಕು, ನೆಲ ಎತ್ತರಿಸಬೇಕು. ಈ ಕ್ರಮ ತಪ್ಪಿದರೆ ಅದೇ ಮಳೆಗಾಲದಲ್ಲಿ ಆ ಕುಟುಂಬ ಇನ್ನೊಂದು ಸಲ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಮೊದಲು ಟಾರ್ಪಾಲಿನ ಲೆಕ್ಕವನ್ನೇ ನೋಡೋಣ. ವಿಪತ್ತಿನಲ್ಲಿ ಆಸರೆ ಕೊಡುವವರು ಜಗತ್ತಿನಾದ್ಯಂತ ಬಳಸುವ ಸ್ಪಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಸೂರು ಬೇಕು. ಚಳಿ ಪ್ರದೇಶದಲ್ಲಿ, ಅಡುಗೆ-ಬಚ್ಚಲು ಒಳಗೇ ಆಗಬೇಕಾದರೆ 4.5ರಿಂದ 5.5. ಐದು ಜನರ ಮನೆಗೆ 17.5 ಚದರ ಮೀಟರ್, ಅಂದರೆ ಸುಮಾರು 190 ಚದರ ಅಡಿ. 4×6 ಮೀಟರಿನ ಟಾರ್ಪಾಲನ್ನು ನಮ್ಮ ಮಳೆಗೆ ಬೇಕಾದಷ್ಟು ಇಳಿಜಾರು ಕೊಟ್ಟು, ಇರಚಲು ತಡೆಯಲು ಸುತ್ತ ಒಂದಡಿ ಹೊರಚಾಚಿ ಕಟ್ಟಿದರೆ ಕೆಳಗೆ ಉಳಿಯುವುದು 165 ಚದರ ಅಡಿಯ ಆಸುಪಾಸು. ಮಾಡಿಗೇ ಒಂದು ಸಾಲದು. ಗೋಡೆಗೆ ಇನ್ನೊಂದು ಬೇಕೇ ಬೇಕು. ಅಂತಾರಾಷ್ಟ್ರೀಯ ರೆಡ್ ಕ್ರಾಸ್‌ನವರ ಆಸರೆ ಕಿಟ್‌ನಲ್ಲಿ ಎರಡು ಟಾರ್ಪಾಲ್‌ಗಳ ಜೊತೆ ಹಗ್ಗ, ಗರಗಸ, ಸುತ್ತಿಗೆ, ಸನಿಕೆ, ಗುದ್ದಲಿ, ಕತ್ತಿ, ಮೊಳೆ, ಕಟ್ಟುವ ತಂತಿ ಇರುವುದು ಸುಮ್ಮನೆ ಅಲ್ಲ. ಗುಡ್ಡ ಕುಸಿದಾಗ ಮನೆಯ ಕತ್ತಿ-ಗುದ್ದಲಿಯೂ ಮಣ್ಣಿನಡಿ ಹೋಗಿರುತ್ತವೆ. ಹಾಗಾಗಿ ನೂರು ಟಾರ್ಪಾಲನ್ನು ನೂರು ಮನೆಗೆ ಒಂದೊಂದರಂತೆ ಕೊಡುವ ಬದಲು ಐವತ್ತು ಮನೆಗೆ ಎರಡೆರಡರಂತೆ ಹಂಚಿ, ಹಗ್ಗ ಮತ್ತು ಹತಾರ ಸೇರಿಸಿ ಕಳಿಸಿ.

ದಪ್ಪವನ್ನೂ ಕೇಳಿ ಕೊಳ್ಳಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ತೆಳು ನೀಲಿ ಹಾಳೆ ಗಾಳಿಗೆ ಬಡಿದು ಬಡಿದು ಕೆಲವೇ ವಾರಗಳಲ್ಲಿ ಸೀಳುತ್ತದೆ. ಪರಿಹಾರ ಕಾರ್ಯಕ್ಕೆಂದೇ ಮಾಡುವ ಟಾರ್ಪಾಲ್ ಸುಮಾರು 200 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರಿಗೆ 200 ಗ್ರಾಂ ತೂಕ) ಇರುತ್ತದೆ, ಬಿಸಿಲಿಗೂ ತಡೆಯುತ್ತದೆ.

ಈಗ ಜಾಗ. ಇದರಲ್ಲಿ ಅವಸರ ಮಾಡಲೇಬಾರದು. ಜೆಸಿಬಿ ತಂದು ಗುಡ್ಡ ಕಡಿದು ಸಪಾಟು ಮಾಡಿ ಶೆಡ್ ಹಾಕುವುದು ನಮ್ಮಲ್ಲಿ ಸಾಮಾನ್ಯವಾಗಿದೆ, ಅದು ಅಪಾಯ. ಹೊಸದಾಗಿ ಕಡಿದ ಬರೆ, ಅಂದರೆ ಗುಡ್ಡದ ನೆಟ್ಟಗಿನ ಮಣ್ಣಿನ ಗೋಡೆ, ನೀರು ಕುಡಿದು ಶೆಡ್ಡಿನ ಮೇಲೇ ಬೀಳುತ್ತದೆ. ಬರೆ ಎಷ್ಟು ಎತ್ತರವಿದೆಯೋ ಅಷ್ಟಾದರೂ ದೂರ ಬಿಡಿ. ಮೇಲ್ಗಡೆ ನೆಲ ಬಿರಿದಿದ್ದರೆ, ಮರ ವಾಲಿದ್ದರೆ, ಒಸರು ನೀರು ಏಕಾಏಕಿ ಕೆಂಪಾಗಿದ್ದರೆ ಆ ಜಾಗವೇ ಬೇಡ. ಹಳ್ಳದ ಅಂಚೂ ಬೇಡ.

ಜಾಗ ಸಿಕ್ಕ ಮೇಲೆ ಮೊದಲ ಕೆಲಸ ಚರಂಡಿ. ಮೇಲ್ಬದಿಯಲ್ಲಿ ಒಂದಡಿ ಅಗಲ, ಒಂದಡಿ ಆಳದ ಕಾಲುವೆ. ನೂರು ಅಡಿಗೆ ಒಂದಡಿಯಾದರೂ ಇಳಿಜಾರು. ತೋಟಕ್ಕೆ ಬಸಿಗಾಲುವೆ ತೆಗೆದು ರೂಢಿಯಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಪ್ಪುವುದು ಅದರ ಬಾಯಿಯನ್ನು ಎಲ್ಲಿಗೆ ಬಿಡಬೇಕು ಅನ್ನುವಲ್ಲಿ. ದಿಣ್ಣೆಯ ಅಂಚಿಗೆ ಬಿಟ್ಟರೆ ಕೆಳಗಿನವರ ಮನೆಯ ಹಿಂದೆ ಧರೆ ಕುಸಿಯುತ್ತದೆ. ಮೊದಲೇ ನೀರು ಹರಿಯುವ ಹಳ್ಳಕ್ಕೇ ಸೇರಿಸಿ. ನೆಲವನ್ನು ಜಲ್ಲಿ ಹಾಕಿ ಅರ್ಧದಿಂದ ಒಂದಡಿ ಎತ್ತರಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅಡಿಕೆ ದಬ್ಬೆ ಅಥವಾ ಹಲಗೆ. ಶೀತದ ನೆಲದಲ್ಲಿ ಮಲಗಿದ ಮಕ್ಕಳು ಕೆಮ್ಮಲು ಶುರುಮಾಡಿದರೆ ಎಷ್ಟು ಒಳ್ಳೆಯ ಮಾಡಿದ್ದರೂ ಏನು ಬಂತು?

ಕಂಬಕ್ಕೆ ಸಿಲ್ವರ್ ಓಕ್ ಗಳವೋ ಬಿದಿರೋ ಸಾಕು, ಎರಡಡಿ ಹೂಳಬೇಕು. ನಡುವಿನ ಕಂಬ ಪಕ್ಕದ್ದಕ್ಕಿಂತ ಮೂರಡಿ ಎತ್ತರವಿರಲಿ. ಇಳಿಜಾರು ಕಮ್ಮಿಯಾದರೆ ಟಾರ್ಪಾಲ್ ಹೊಟ್ಟೆ ಬಿಟ್ಟು ನೀರು ನಿಲ್ಲುತ್ತದೆ. ಒಂದು ಚದರ ಮೀಟರಿನಲ್ಲಿ ಹತ್ತು ಸೆಂಟಿಮೀಟರ್ ನಿಂತರೆ ನೂರು ಕಿಲೋ ಭಾರ. ಮಳೆಗಾಲದಲ್ಲಿ ಪಡುಗಾಳಿ ಬೀಸುವುದರಿಂದ ಬಾಗಿಲು ಮೂಡಣಕ್ಕೆ. ಕಂಬದ ತುದಿಗೆ ಗೋಣಿ ಅಥವಾ ಹಳೇ ಟ್ಯೂಬ್ ಸುತ್ತಿ, ಇಲ್ಲದಿದ್ದರೆ ಉಜ್ಜಿ ತೂತಾಗುತ್ತದೆ. ಅಂಚಿನಲ್ಲಿ ಹಗ್ಗ ಪೋಣಿಸುವ ಕಣ್ಣು ಕಿತ್ತುಹೋದರೆ ನಯವಾದ ಸಣ್ಣ ಕಲ್ಲನ್ನು ಟಾರ್ಪಾಲಿನೊಳಗೆ ಇಟ್ಟು, ಅದರ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಕಣ್ಣಿಗಿಂತ ಗಟ್ಟಿ ನಿಲ್ಲುತ್ತದೆ. ಒಲೆ ಮಾತ್ರ ಪಕ್ಕದಲ್ಲಿ ಬೇರೆ ತಗಡಿನ ಮಾಡಿನಡಿ.

ಶೌಚಾಲಯವನ್ನು ದಾನಿಗಳು ಕೇಳುವುದೇ ಇಲ್ಲ. ಇಪ್ಪತ್ತು ಜನರಿಗೆ ಒಂದು, ಸೂರಿನಿಂದ ಐವತ್ತು ಮೀಟರ್ ಒಳಗೆ, ಬಾವಿಯಿಂದ ಮೂವತ್ತು ಮೀಟರ್ ಆಚೆ. ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರ್ ಮೇಲಿರಬೇಕು. ಮಲೆನಾಡಿನ ತಗ್ಗು ಜಾಗಗಳಲ್ಲಿ ಆಷಾಢದ ಹೊತ್ತಿಗೆ ಗುಂಡಿ ತೋಡಿದರೆ ನೀರೇ ಉಕ್ಕುತ್ತದೆ. ಅಲ್ಲಿ ಕಟ್ಟೆ ಎತ್ತರಿಸಿ ಟ್ಯಾಂಕ್ ಕೂರಿಸಿದ ಶೌಚಾಲಯವೇ ಆಗಬೇಕು. ಒಳಗಿನಿಂದ ಚಿಲಕ, ದಾರಿಗೆ ದೀಪ. ಇವೆರಡಿಲ್ಲದಿದ್ದರೆ ಹೆಂಗಸರು ಕತ್ತಲಾದ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾರೆ.

ಮಣಿಪುರದಲ್ಲಿ 2023ರ ಮೇ ತಿಂಗಳ ಜನಾಂಗೀಯ ಗಲಭೆಯ ನಂತರ ಶಿಬಿರ ಸೇರಿದ ಕುಟುಂಬಕ್ಕೂ ಈ ಅಳತೆಗಳೇ ಅನ್ವಯ. ಅಲ್ಲಿ ಎಷ್ಟೋ ಜನರ ನೆಲ ಇದೆ, ಹಿಂದಿರುಗಲು ಭಯ. ನಮ್ಮಲ್ಲಿ ಹಾಗಲ್ಲ: 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದಾಗ ನೆಲವೇ ಹೋಯಿತು. ಸಂತ್ರಸ್ತರಿಗಾಗಿ ಸರ್ಕಾರ ತೆರೆಯುವ ಕಾಳಜಿ ಕೇಂದ್ರ ಹೆಚ್ಚಾಗಿ ಶಾಲೆಯಲ್ಲಿರುತ್ತದೆ, ಶಾಲೆ ತೆರೆದ ದಿನ ಖಾಲಿ ಮಾಡಬೇಕು. ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು, ಆದರೆ ಆ ಹಣದಲ್ಲಿ ಮನೆ ಕಟ್ಟಲು ಜಾಗ ಬೇಕಲ್ಲ! ಸುತ್ತಮುತ್ತಲ ನೆಲ ಅರಣ್ಯವೋ ಕಂದಾಯವೋ ಎಂಬ ತಕರಾರು ಮುಗಿಯುವುದಿಲ್ಲ. ತೋಟದ ಮಾಲೀಕರು ಕಟ್ಟಿಸಿದ ಲೈನ್ ಮನೆಗಳಲ್ಲಿರುವ ಕೂಲಿಕಾರರ ಹೆಸರಲ್ಲಂತೂ ಕಾಗದವೇ ಇರುವುದಿಲ್ಲ. ಹಾಗಂತ ಕೆಲಸದ ತೋಟದಿಂದ ಮೂವತ್ತು ಕಿಲೋಮೀಟರ್ ದೂರ ಮನೆ ಕೊಟ್ಟರೆ ಅವರು ಅಲ್ಲಿ ಉಳಿಯಲಾರರು.

ಆದ್ದರಿಂದ ಟಾರ್ಪಾಲಿಗೆಂದು ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ಜಲ್ಲಿಗೆ, ಚರಂಡಿ ತೆಗೆಯುವ ಕೂಲಿಗೆ, ಶೌಚಾಲಯಕ್ಕೆ ಎತ್ತಿಡಿ. ಇನ್ನೊಂದು ಪಾಲು ಕಳೆದುಹೋದ ಪಹಣಿ, ಆಧಾರ್, ಪಡಿತರ ಚೀಟಿ ಮತ್ತೆ ಮಾಡಿಸಲು ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಹೋಗುವವರ ಬಸ್ ಖರ್ಚಿಗೆ. ಲಾರಿ ಹತ್ತಿಸುವ ಮುಂಚೆ ಗ್ರಾಮ ಪಂಚಾಯಿತಿಗೆ ಫೋನ್ ಮಾಡಿ, ಎಷ್ಟು ಮನೆ, ಎಷ್ಟು ಜನ, ಈಗಾಗಲೇ ಏನೇನು ಬಂದಿದೆ ಎಂದು ಕೇಳಿಕೊಳ್ಳಿ.