ರಾಳದ ಕಿಡಿ

ಕಟಪಾಡಿಯ ನಮ್ಮ ಮನೆಯ ಕಪಾಟಿನ ಮೇಲ್ಖಾನೆಯಲ್ಲಿ ಒಂದು ವಿಎಚ್‌ಎಸ್ ಕ್ಯಾಸೆಟ್ ಇದೆ. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಅಪ್ಪನ ಅಕ್ಷರ: ‘ಹರಕೆ ಆಟ, 1996’. ಅಜ್ಜಿಯ ಕಾಯಿಲೆ ವಾಸಿಯಾದರೆ ಅಂಗಳದ ಮುಂದಿನ ಗದ್ದೆಯಲ್ಲಿ ಯಕ್ಷಗಾನದ ಆಟ ಆಡಿಸುತ್ತೇನೆ ಎಂದು ಅಪ್ಪ ಹೇಳಿಕೊಂಡಿದ್ದರು. ಅಜ್ಜಿ ಎದ್ದು ಓಡಾಡಿಕೊಂಡು ಎಷ್ಟೋ ವರ್ಷ ಕಳೆದ ಮೇಲೆ ಮೇಳದ ಸರದಿ ನಮ್ಮ ಮನೆಗೆ ಬಂತು. ಆ ಬೇಸಗೆಯಲ್ಲಿ ರಜೆಗೆಂದು ಊರಿಗೆ ಬಂದಿದ್ದ ಚಿಕ್ಕಪ್ಪ ಬಹ್ರೈನಿನಿಂದ ತಂದ ಕ್ಯಾಮೆರಾವನ್ನು ಹೆಗಲಿಗೇರಿಸಿಕೊಂಡು ರಾತ್ರಿಯಿಡೀ ನಿಂತಿದ್ದರು. ಕ್ಯಾಮೆರಾದ ಚಿಕ್ಕ ಟೇಪ್‌ಗಳ ಮೇಲೆ ಮುಂದೆ ಬೇರೆ ಮದುವೆ ಮುಂಜಿಗಳು ತುಂಬಿಕೊಂಡವು. ನಮಗೆ ಉಳಿದದ್ದು ಆಯ್ದು ಇಳಿಸಿದ ಈ ಮೂರು ಗಂಟೆಯ ಪ್ರತಿ ಮಾತ್ರ.

ಅಮ್ಮ ಅದನ್ನು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ವಿಸಿಆರ್ ಕೆಟ್ಟ ಮೇಲೆ ಪೇಟೆಯ ಒಂದು ಸ್ಟುಡಿಯೋದಲ್ಲಿ ಡಿವಿಡಿ ಮಾಡಿಸಿದೆವು. ವೇಷ ಸುತ್ತಿದಾಗಲೆಲ್ಲ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಳ್ಳುತ್ತಿತ್ತು. ಕೆಲವೇ ವರ್ಷಗಳಲ್ಲಿ ಆ ಡಿವಿಡಿಯೂ ಅರ್ಧಕ್ಕೆ ನಿಲ್ಲತೊಡಗಿತು. ಅಪ್ಪ ತೀರಿಕೊಂಡ ನಂತರ ಅಮ್ಮ ಒಂದು ಸಲ, ‘ಆ ಆಟ ಇನ್ನೊಮ್ಮೆ ನೋಡಲು ಆಗುತ್ತದೆಯೇ?’ ಎಂದು ಕೇಳಿದಳು. ಮತ್ತೆ ಕೇಳಲಿಲ್ಲ. ಆ ಒಂದೇ ಮಾತು ನನ್ನ ತಲೆಯಲ್ಲಿ ಉಳಿಯಿತು.

ಕ್ಯಾಸೆಟ್ಟನ್ನು ಮಂಗಳೂರಿಗೆ ತಂದು ಬೆಳಕಿಗೆ ಹಿಡಿದಾಗ ಸುರುಳಿಯ ಬದಿಯಲ್ಲಿ ಬಿಳಿ ಹುಡಿ ಕಂಡಿತು. ಬೂಸ್ಟು. ನಮ್ಮ ಕರಾವಳಿಯ ಮಳೆಗಾಲಕ್ಕೆ ಟೇಪ್ ಎಂದರೆ ಪ್ರೀತಿ. ಬೂಸ್ಟು ಹಿಡಿದ ಟೇಪನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಅದರ ಹೆಡ್ಡಿಗೂ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಮೊದಲು ಒಂದು ವಾರ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು ಒಣಗಿಸಿದೆ. ಆಮೇಲೆ ಕೆಳಬದಿಯ ಐದು ತಿರುಪು ಬಿಚ್ಚಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ನೂಲು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತೇವ ಮಾಡಿ, ಟೇಪನ್ನು ಅದರ ನಡುವೆ ಹಾಯಿಸುತ್ತ ಕೈಯಿಂದಲೇ ಸುತ್ತಿದೆ. ಮೂರು ಗಂಟೆಯ ಇ-180 ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ಟೇಪ್ ಇರುತ್ತದೆ. ಎರಡು ಭಾನುವಾರ ಅದಕ್ಕೇ ಹೋದವು.

ಹಂಪನಕಟ್ಟೆಯ ಹತ್ತಿರ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರು ಹಳೆಯ ವಿಸಿಆರ್‌ಗೆ ಬೆಲ್ಟ್ ಹಾಕಿ, ಹೆಡ್ ಒರೆಸಿ, ‘ಇದನ್ನು ಇನ್ನು ಯಾರೂ ತರುವುದಿಲ್ಲ ಎಂದುಕೊಂಡಿದ್ದೆ’ ಎಂದು ಕೊಟ್ಟರು. ಹಣ ತೆಗೆದುಕೊಳ್ಳಲು ಬಹಳ ಹಿಂದೆಮುಂದೆ ನೋಡಿದರು.

ಕಂಪ್ಯೂಟರಿಗೆ ಇಳಿಸುವಾಗ ನಷ್ಟವಿಲ್ಲದ ರೂಪದಲ್ಲೇ ಇಳಿಸಿದೆ. ಗಂಟೆಗೆ ಮೂವತ್ತು ಜಿಬಿಗೂ ಹೆಚ್ಚು ಜಾಗ ತಿನ್ನುತ್ತದೆ, ತಿನ್ನಲಿ. ಇಲ್ಲಿ ಒಮ್ಮೆ ಕಳೆದುಕೊಂಡದ್ದು ಮುಂದೆ ಎಲ್ಲಿಯೂ ಸಿಗುವುದಿಲ್ಲ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಪ್ರತಿ ಚಿತ್ರದಲ್ಲಿಯೂ ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಎರಡು ಅರ್ಧಗಳು. ಆ ಎರಡು ಅರ್ಧಗಳು ಒಂದೇ ಕ್ಷಣದವಲ್ಲ, ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹಿಂದುಮುಂದು. ಅವನ್ನು ಒಂದೇ ಚಿತ್ರವಾಗಿ ಒತ್ತಿದ್ದರಿಂದಲೇ ಸ್ಟುಡಿಯೋದ ಡಿವಿಡಿಯಲ್ಲಿ ಬಾಚಣಿಗೆಯ ಹಲ್ಲು ಮೂಡಿತ್ತು. ವಿಡಿಯೋ ತಿದ್ದುವ ತಂತ್ರಾಂಶವಾದ ಏವಿಸಿಂತ್‌ನಲ್ಲಿ ಕ್ಯೂಟಿಜಿಎಂಸಿ ಎಂಬ ಸ್ಕ್ರಿಪ್ಟ್ ಪ್ರತಿ ಅರ್ಧವನ್ನೂ ಪೂರ್ಣ ಚಿತ್ರವಾಗಿ ಬೆಳೆಸಿ ಸೆಕೆಂಡಿಗೆ 50 ಚಿತ್ರ ಕೊಡುತ್ತದೆ. ಮೊದಲ ಬಾರಿ ಹಾಗೆ ಮಾಡಿ ನೋಡಿದಾಗ ದೇವೇಂದ್ರನ ಬಲದ (ಪಡೆಯ) ವೇಷವೊಂದು ಧೀಂಗಿಣ ಹೊಡೆಯುವ, ಅಂದರೆ ಗಿರಗಿರನೆ ಸುತ್ತುವ, ಭಾಗ ಬಂತು. ಒಂದೊಂದು ಸುತ್ತೂ ಬಿಡಿಬಿಡಿಯಾಗಿ, ಚೆಂಡೆಯ ಪೆಟ್ಟಿಗೆ ಸರಿಯಾಗಿ ಕಾಲು ನೆಲ ಮುಟ್ಟುವುದು ಕಾಣಿಸುವ ಹಾಗೆ! ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಅಂದು ಗದ್ದೆಯಲ್ಲಿ ಚಾಪೆಯ ಮೇಲೆ ಕುಳಿತು ನೋಡಿದ್ದು ಹೀಗೆಯೇ.

ಬಣ್ಣಕ್ಕೆ ಅಪ್ಪನ ಪಂಚೆಯೇ ಅಳತೆಗೋಲಾಯಿತು. ಟ್ಯೂಬ್‌ಲೈಟಿನ ಕೆಳಗೆ ಇಡೀ ಗದ್ದೆ ಹಸಿರು ಹಸಿರಾಗಿತ್ತು. ಪಂಚೆ ಬಿಳಿಯಾಗುವವರೆಗೆ ತಿದ್ದಿದೆ, ಉಳಿದದ್ದೆಲ್ಲ ತಾನಾಗಿ ದಾರಿಗೆ ಬಂತು. ಜನರೇಟರಿನ ಗುಂಯ್‌ಗುಡುವಿಕೆಯನ್ನು ತಗ್ಗಿಸಿದೆ, ಚಕ್ರತಾಳಕ್ಕೆ ಏಟು ಬೀಳದಂತೆ ನೋಡಿಕೊಂಡೆ. ಈಗ ಎಲ್ಲರೂ ಹೇಳುವ ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದನ್ನೂ ಹತ್ತು ನಿಮಿಷಕ್ಕೆ ಓಡಿಸಿದೆ. ಅದು ಅಜ್ಜಿಯ ಮುಖವನ್ನು ಬಹಳ ಚೊಕ್ಕ ಮಾಡಿತು. ಕಣ್ಣಿಗೆ ಹೊಸ ರೆಪ್ಪೆ, ಕೆನ್ನೆಗೆ ನುಣುಪು. ಮೂಗುತಿ ಇರಲಿಲ್ಲ. ಅದು ನಮ್ಮ ಅಜ್ಜಿಯಲ್ಲ, ಅಜ್ಜಿಯ ಜಾಗದಲ್ಲಿ ಕುಳಿತ ಯಾರೋ. ಅಳಿಸಿಹಾಕಿದೆ.

ಆದರೆ ಚುಕ್ಕಿ ತೆಗೆಯುವ ಕೆಲಸದಲ್ಲಿ ನಾನು ಅಷ್ಟು ಎಚ್ಚರವಾಗಿರಲಿಲ್ಲ. ಬೂಸ್ಟು ತಿಂದ ಜಾಗದಲ್ಲೆಲ್ಲ ಟೇಪಿನ ಲೇಪ ಹೋಗಿ, ಚಿತ್ರದ ಮೇಲೆ ಬಿಳಿ ಚುಕ್ಕಿಗಳೂ ಗೀರುಗಳೂ ಫಕ್ಕನೆ ಬಂದು ಮಾಯವಾಗುತ್ತಿದ್ದವು. ಇವುಗಳಿಗೆಂದೇ ಇರುವ ಫಿಲ್ಟರ್ ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಹೋಲಿಸುತ್ತದೆ. ಒಂದು ಚಿತ್ರದಲ್ಲಿ ಮಾತ್ರ ಇರುವ ಚುಕ್ಕಿಯನ್ನು ಕಲೆ ಎಂದು ತಿಳಿದು ಅಳಿಸಿ, ಅಕ್ಕಪಕ್ಕದ ಚಿತ್ರಗಳಿಂದ ಆ ಜಾಗವನ್ನು ತುಂಬುತ್ತದೆ. ಮೂರು ಗಂಟೆಗೂ ಅದನ್ನೇ ಹಾಕಿ ಮಲಗಿದೆ. ಬೆಳಿಗ್ಗೆ ಅಲ್ಲಲ್ಲಿ ನೋಡಿದಾಗ ಚಿತ್ರ ತೊಳೆದಿಟ್ಟಂತಿತ್ತು.

ಜೂನ್ ತಿಂಗಳ ಒಂದು ಶನಿವಾರ ಬ್ಲೂ-ರೇ ಡಿಸ್ಕ್ ಹಿಡಿದು ಊರಿಗೆ ಹೊರಟೆ. ಪಡುಬಿದ್ರೆ ದಾಟುವಾಗ ವೈಪರ್ ಸಾಲದಷ್ಟು ಮಳೆ. ಪೆನ್‌ಡ್ರೈವ್ ಸಾಲದೇ ಎಂದು ತಂಗಿ ಕೇಳಿದ್ದಳು. ಅಮ್ಮನಿಗೆ ಬೇಕಾದದ್ದು ಕಪಾಟಿನಿಂದ ತೆಗೆದು, ಒಳಗೆ ಹಾಕಿ, ಒಂದು ಗುಂಡಿ ಒತ್ತುವ ವಸ್ತು. ಅಲ್ಲದೆ ಡಿವಿಡಿಯ ಬರೆಯುವ ಪದರ ಸಾವಯವ ಬಣ್ಣದ್ದು. ಒಳ್ಳೆಯ ಖಾಲಿ ಬ್ಲೂ-ರೇ ಡಿಸ್ಕ್, ಅಂದರೆ ಬಿಡಿ-ಆರ್‌ನಲ್ಲಿ ನಿರವಯವ ಪದರ ಇರುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಕೊಳ್ಳುವಾಗ ಎಲ್‌ಟಿಎಚ್ ಎಂದು ಬರೆದಿರುವುದನ್ನು ಬಿಟ್ಟೆ, ಅದರಲ್ಲಿರುವುದು ಮತ್ತೆ ಸಾವಯವ ಬಣ್ಣವೇ.

ಮನೆಯಲ್ಲಿ ದೊಡ್ಡಮ್ಮ, ತಂಗಿ, ಈಗ ನಿವೃತ್ತರಾಗಿ ಊರಲ್ಲೇ ಇರುವ ಚಿಕ್ಕಪ್ಪ, ಎಲ್ಲರೂ ಊಟ ಮುಗಿಸಿ ಕಾದಿದ್ದರು. ಡಿಸ್ಕ್ ಒಳಗೆ ಹೋಯಿತು, ಗಿರ್ರೆಂದು ತಿರುಗಿತು, ಪರದೆಯಲ್ಲಿ ಈ ಡಿಸ್ಕನ್ನು ಓದಲಾಗುವುದಿಲ್ಲ ಎಂಬ ಸಂದೇಶ ಬಂತು. ತೆಗೆದು ಒರೆಸಿ ಹಾಕಿದೆ. ಮತ್ತೆ ಅದೇ. ‘ಇರಲಿ ಬಿಡು, ಇನ್ನೊಮ್ಮೆ ನೋಡಿದರಾಯಿತು’ ಎಂದು ಅಮ್ಮ ಚಹಾ ಮಾಡಲು ಎದ್ದಳು. ಅವಳು ಅಷ್ಟು ಸುಲಭವಾಗಿ ಎದ್ದುಹೋದದ್ದು ನನಗೆ ತಡೆಯಲಾಗಲಿಲ್ಲ.

ತಪ್ಪು ಎಲ್ಲಿ ಎಂದು ತಿಳಿಯಲು ಅರ್ಧ ಗಂಟೆ ಬೇಕಾಯಿತು. ದೊಡ್ಡ ಟಿವಿಗೆ ದೊಡ್ಡ ಚಿತ್ರವೇ ಇರಲಿ ಎಂದು ಸೆಕೆಂಡಿಗೆ 50 ಚಿತ್ರಗಳ 1080 ಗೆರೆಯ ಕಡತ ಮಾಡಿದ್ದೆ. ಕಂಪ್ಯೂಟರ್ ಅದನ್ನು ಚೆನ್ನಾಗಿಯೇ ಓಡಿಸಿತ್ತು. ಆದರೆ ಬ್ಲೂ-ರೇಯ ನಿಯಮದಲ್ಲಿ ಅಂಥದ್ದಕ್ಕೆ ಜಾಗವಿಲ್ಲ. 1080ರಲ್ಲಿ ಸೆಕೆಂಡಿಗೆ 24 ಪೂರ್ಣ ಚಿತ್ರ ಅಥವಾ 50 ಅರ್ಧ ಚಿತ್ರ ಒಪ್ಪುತ್ತದೆ. 50 ಪೂರ್ಣ ಚಿತ್ರ ಬೇಕೆಂದರೆ 720 ಗೆರೆಗೆ ಇಳಿಯಬೇಕು. ಧೀಂಗಿಣವನ್ನು ಬಿಡಲು ನಾನು ಸಿದ್ಧನಿರಲಿಲ್ಲ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸಿಗುವ ವಿವರವೇ ಸುಮಾರು 240 ಗೆರೆಯಷ್ಟು. ಅದಕ್ಕೆ 720 ಧಾರಾಳವಾಯಿತು.

ಲ್ಯಾಪ್‌ಟಾಪ್, ಬರ್ನರ್, ಹಾರ್ಡ್ ಡಿಸ್ಕ್ ಎಲ್ಲವೂ ಕಾರಿನಲ್ಲಿದ್ದವು. 1280ಕ್ಕೆ 720ರ ನಡುವೆ 960 ಅಗಲದ ಚಿತ್ರ, ಎಡಬಲಕ್ಕೆ ಕಪ್ಪು ಪಟ್ಟಿ. ಟಿವಿಯ ಅಗಲಕ್ಕೆ ಎಳೆದು ಅಜ್ಜಿಯನ್ನು ದಪ್ಪ ಮಾಡುವ ಮನಸ್ಸಾಗಲಿಲ್ಲ. ಮೂರು ಗಂಟೆಯನ್ನು 25 ಜಿಬಿಯೊಳಗೆ ಕೂರಿಸಲು ಸೆಕೆಂಡಿಗೆ 16 ಮೆಗಾಬಿಟ್ ಲೆಕ್ಕ ಸರಿಹೊಂದಿತು. ಚಿತ್ರವನ್ನು ಕುಗ್ಗಿಸುವ ಎಕ್ಸ್264ರಲ್ಲಿ ಬ್ಲೂ-ರೇಗೆ ಹೊಂದುವ ಆಯ್ಕೆ ಹಾಕಿ, ಧ್ವನಿಯನ್ನು ಡಾಲ್ಬಿ ಡಿಜಿಟಲ್ ಮಾಡಿ, ಟಿಎಸ್‌ಮಕ್ಸರ್‌ನಲ್ಲಿ ಎರಡನ್ನೂ ಹೆಣೆದು ಬ್ಲೂ-ರೇಗೆ ಬೇಕಾದ ಬಿಡಿಎಂವಿ ಫೋಲ್ಡರ್ ತಯಾರಿಸಿ, ಡಿಸ್ಕಿನ ಕಡತ ವ್ಯವಸ್ಥೆ ಯುಡಿಎಫ್ 2.50 ಎಂದು ಗಮನವಿಟ್ಟು ಆರಿಸಿ ಬರೆಯಬೇಕು. ಮೆನು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಡಿಸ್ಕ್ ಹಾಕಿದೊಡನೆ ಚೌಕಿಪೂಜೆ, ಅಂದರೆ ಬಣ್ಣದ ಮನೆಯ ಪೂಜೆ, ಶುರುವಾಗಬೇಕು, ರಿಮೋಟಿನ ಒಂದು ಗುಂಡಿ ಒತ್ತಿದರೆ ಮುಂದಿನ ಸಂದರ್ಭ ಬರಬೇಕು, ಅಷ್ಟೇ. ಲ್ಯಾಪ್‌ಟಾಪ್ ರಾತ್ರಿಯಿಡೀ ಬಿಸಿಯುಸಿರು ಬಿಟ್ಟಿತು. ಎರಡು ಸಲ ಕರೆಂಟ್ ಹೋಯಿತು, ಬ್ಯಾಟರಿ ಕೈಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಡಿಸ್ಕ್ ಓಡಿತು.

ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ಒಬ್ಬೊಬ್ಬರನ್ನೇ ಬೆರಳು ಮಾಡಿ ಹೆಸರು ಹೇಳತೊಡಗಿದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಇವರು ಈಗಿಲ್ಲ, ಇವನು ಮುಂಬಯಿಯಲ್ಲಿದ್ದಾನೆ, ಆ ತೆಂಗಿನ ಮರ ಸಿಡಿಲಿಗೆ ಹೋಯಿತು. ಭಾಗವತರ ಪದ ಹಿಂದೆಂದಿಗಿಂತ ತಿಳಿಯಾಗಿ ಕೇಳುತ್ತಿತ್ತು. ಚಿಕ್ಕಪ್ಪ ನನ್ನ ಬೆನ್ನು ತಟ್ಟಿದರು.

ಮಹಿಷಾಸುರನ ಪ್ರವೇಶ ಬಂತು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ದೇವಿಯ ಪ್ರಸಂಗದಲ್ಲಿ ಮಹಿಷ ರಂಗಸ್ಥಳಕ್ಕೆ ಹಿಂದಿನಿಂದ ಬರುವುದಲ್ಲ, ದೂರದ ಕತ್ತಲೆಯಿಂದ ಜನರ ನಡುವೆ ಹಾದು ಬರುವುದು. ಅವನ ಸುತ್ತ ದೊಂದಿ, ಅಂದರೆ ಪಂಜು, ಹಿಡಿದವರು. ಅವರಲ್ಲಿ ಒಬ್ಬರು ಅಪ್ಪ. ತಲೆಗೆ ಮುಂಡಾಸು, ಮಡಚಿ ಕಟ್ಟಿದ ಪಂಚೆ, ಎಡಗೈಯಲ್ಲಿ ದೊಂದಿ, ಬಲಗೈ ಮುಷ್ಟಿಯಲ್ಲಿ ರಾಳದ ಹುಡಿ. ಎರಡು ಹೆಜ್ಜೆ ಹಿಂದಕ್ಕೆ ಸರಿದು ದೊಂದಿಗೆ ರಾಳ ಎರಚುತ್ತಾರೆ, ಬೆಂಕಿ ಆಳೆತ್ತರಕ್ಕೆ ಹಾರುತ್ತದೆ. ಆ ಬೆಳಕಿನಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಅಜ್ಜಿಯ ಮುಖ ಒಂದು ಗಳಿಗೆ ಕೆಂಪಾಗಿ ಬೆಳಗಿ ಆರುತ್ತದೆ. ನಾನು ಎಣಿಸಿದ್ದೆ, ಇಪ್ಪತ್ತು ಚಿತ್ರಗಳಷ್ಟು ಹೊತ್ತು. ಮೂಗುತಿ ಕೂಡ ಮಿಂಚುತ್ತದೆ.

ಅಮ್ಮ ಚಹಾದ ಲೋಟ ಕೆಳಗಿಟ್ಟಳು.

‘ಕಿಡಿ ಎಲ್ಲಿ?’

‘ಯಾವ ಕಿಡಿ, ಅಮ್ಮ?’

‘ರಾಳದ ಕಿಡಿ. ಮೊದಲಿನದರಲ್ಲಿ ಇತ್ತು. ಅಪ್ಪನ ಮೈಮೇಲೆಲ್ಲ ಬೀಳುತ್ತಿತ್ತು.’

ಹಿಂದಕ್ಕೆ ಓಡಿಸಿ ನೋಡಿದೆ. ಬೆಂಕಿ ಏಳುತ್ತದೆ, ಆರುತ್ತದೆ. ಅದರಿಂದ ಏನೂ ಸಿಡಿಯುವುದಿಲ್ಲ. ಅಪ್ಪನ ಸುತ್ತ ಶುಭ್ರವಾದ ಕತ್ತಲೆ. ಒಂದು ಚಿತ್ರದಲ್ಲಿ ಇಲ್ಲಿದ್ದು, ಮುಂದಿನ ಚಿತ್ರದಲ್ಲಿ ಇನ್ನೆಲ್ಲೋ ಇರುವ ಬಿಳಿ ಚುಕ್ಕಿ ಎಂದರೆ ಫಿಲ್ಟರಿನ ಲೆಕ್ಕದಲ್ಲಿ ಬೂಸ್ಟಿನ ಕಲೆ. ಅದು ಒಂದೊಂದನ್ನೂ ಹುಡುಕಿ ಹೆಕ್ಕಿ ತೆಗೆದಿತ್ತು. ನಾನು ನೋಡಿ ಮೆಚ್ಚಿಕೊಂಡಿದ್ದೆ.

ಅಮ್ಮ ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ಒಂದು ಬಿಳಿ ಅಂಗಿ ತಂದಳು. ಬಲಭುಜದಿಂದ ಎದೆಯವರೆಗೆ ಸಾಸಿವೆ ಕಾಳಿನಷ್ಟು, ಎಳ್ಳಿನಷ್ಟು ತೂತುಗಳು, ಅಂಚು ಕಂದಾಗಿ ಸುಟ್ಟದ್ದು. ‘ಮರುದಿನ ಒಗೆಯುವಾಗ ನೋಡಿದೆ. ಬೈದೆ. ಹರಕೆಯದ್ದಲ್ಲವೇ, ಇರಲಿ ಅಂದರು. ಆಮೇಲೆ ಹಾಕಿಕೊಳ್ಳಲಿಲ್ಲ, ಬಿಸಾಡಲೂ ಬಿಡಲಿಲ್ಲ.’ ಅಂಥದ್ದೊಂದು ಅಂಗಿ ನಮ್ಮ ಮನೆಯಲ್ಲಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದಾಗ ತೂತುಗಳ ಮೂಲಕ ಹೊರಗಿನ ಮಳೆ ಕಾಣುತ್ತಿತ್ತು.

ಸೋಮವಾರಕ್ಕೆ ರಜೆ ಹೇಳಿದೆ. ಮೊದಲು ಇಳಿಸಿದ್ದ ಮೂಲ ಕಡತ ಹಾರ್ಡ್ ಡಿಸ್ಕಿನಲ್ಲಿತ್ತು, ಅದೇ ನನ್ನನ್ನು ಉಳಿಸಿತು. ಪ್ರವೇಶದ ಹನ್ನೊಂದು ನಿಮಿಷವನ್ನು ಕತ್ತರಿಸಿ, ಚುಕ್ಕಿ ತೆಗೆಯುವ ಫಿಲ್ಟರನ್ನು ಅಲ್ಲಿ ಪೂರ್ತಿ ಬಿಟ್ಟು, ಉಳಿದ ಹದವನ್ನಷ್ಟೇ ಇಟ್ಟು ಮತ್ತೆ ಸಿದ್ಧಪಡಿಸಿದೆ. ಹಾಗೆಯೇ ಇಡೀ ಮೂರು ಗಂಟೆಯನ್ನು ಮೊದಲ ಬಾರಿಗೆ ಕಣ್ಣು ಕೀಳದೆ ಕುಳಿತು ಮೂಲದೊಂದಿಗೆ ಹೋಲಿಸಿದೆ. ಚೌಕಿಯ ದೀಪದ ಸುತ್ತ ಹಾರುವ ಹುಳಗಳು ಹೋಗಿದ್ದವು. ಸರ್ಚ್‌ಲೈಟಿನಲ್ಲಿ ಏಳುವ ಗದ್ದೆಯ ಧೂಳು ಹೋಗಿತ್ತು. ಕಿರೀಟದ ಕನ್ನಡಿ ಚೂರುಗಳ ಮಿಂಚು ಅರ್ಧಕ್ಕರ್ಧ ಹೋಗಿತ್ತು. ಒಂದೊಂದನ್ನೂ ಹಿಂದಕ್ಕೆ ತಂದೆ. ಅವುಗಳ ಜೊತೆಗೆ ಬೂಸ್ಟಿನ ಕಲೆಗಳೂ ಬಂದವು. ಬೇರ್ಪಡಿಸಲು ಆಗುವ ಕಡೆ ಕೈಯಿಂದ ಬೇರ್ಪಡಿಸಿದೆ, ಆಗದ ಕಡೆ ಎರಡನ್ನೂ ಇಟ್ಟುಕೊಂಡೆ.

ಮೂರನೆಯ ಡಿಸ್ಕ್ ಮಂಗಳವಾರ ಮುಂಜಾನೆ ಸಿದ್ಧವಾಯಿತು. ನಾನು ಮಂಗಳೂರಿಗೆ ಹೊರಡುವ ಮೊದಲು ಅಮ್ಮನೊಬ್ಬಳೇ ನೋಡಿದಳು. ಚೆಂಡೆ ಏರಿತು, ಕತ್ತಲೆಯಿಂದ ದೊಂದಿಗಳು ಹೊರಟವು, ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈ ಬೀಸಿದರು. ಬೆಂಕಿಯಿಂದ ಹಿಡಿ ತುಂಬ ಕಿಡಿ ಚಿಮ್ಮಿ ಅವರ ಬಲಭುಜದ ಮೇಲೆ ಸುರಿಯಿತು. ಅಮ್ಮ ಎದ್ದು ಟಿವಿಯ ಹತ್ತಿರ ಹೋಗಿ ಒಂದೊಂದನ್ನೂ ತೋರಿಸಿದಳು. ‘ಇಲ್ಲಿ, ನೋಡು, ಇಲ್ಲಿ.’ ಅವಳ ಬೆರಳು ನಿಂತ ಒಂದು ಬಿಳಿ ಗೀರು ಬೂಸ್ಟಿನದೆಂದು ನನಗೆ ಗೊತ್ತಿತ್ತು. ‘ಹೌದಮ್ಮ’ ಎಂದೆ. ಅವಳು ರಿಮೋಟ್ ತೆಗೆದುಕೊಂಡು ಹಿಂದಿನ ಗುಂಡಿ ಒತ್ತಿದಳು, ಮಹಿಷ ಮತ್ತೆ ಗದ್ದೆಯ ಆ ತುದಿಯಿಂದ ಹೊರಟ.