ಪ್ಲಿನಿ ಹೆಸರು ಬರೆಯದ ಇಬ್ಬರು

ಪ್ಲಿನಿಯ ಪತ್ರ ಮತ್ತೆ ಓದಿದೆ, ಮತ್ತೆ ಕೋಪ ಬಂತು. ಕ್ರಿ.ಶ. 112ರ ಸುಮಾರು ಅವನು ಈಗಿನ ಟರ್ಕಿಯ ಉತ್ತರ ಭಾಗದ ಬಿಥಿನಿಯಾಕ್ಕೆ ರೋಮಿನ ಗವರ್ನರ್. ಈ ಕ್ರೈಸ್ತರು ಸೇರಿ ಏನು ಮಾಡ್ತಾರೆ ಅಂತ ತಿಳಿಯೋಕೆ ಇಬ್ಬರು ಗುಲಾಮ ಹೆಂಗಸರಿಗೆ ಚಿತ್ರಹಿಂಸೆ ಕೊಡಿಸಿದೆ ಅಂತ ಚಕ್ರವರ್ತಿ ಟ್ರಾಜನ್‌ಗೆ ತಾನೇ ಬರೆಯುತ್ತಾನೆ, ಒಂಚೂರೂ ಅಳುಕಿಲ್ಲದೆ. ಅವರನ್ನು ಕ್ರೈಸ್ತರ ಸಭೆಯ ಸೇವಕಿಯರು ಅಂತ ಕರೆಯುತ್ತಿದ್ದರಂತೆ. ಮನೆಯಲ್ಲಿ ಗುಲಾಮರು, ಸಭೆಯಲ್ಲಿ ಜವಾಬ್ದಾರಿ ಹೊತ್ತವರು! ಹೆಸರು ಮಾತ್ರ ಬರೆದಿಲ್ಲ.

ಅದಕ್ಕೂ ಸುಮಾರು 50 ವರ್ಷ ಮೊದಲೇ ಕ್ರೈಸ್ತ ಧರ್ಮ ಸಾರುತ್ತಿದ್ದ ಪೌಲ, ರೋಮಿನ ಕ್ರೈಸ್ತರಿಗೆ ಬರೆದ, ಈಗ ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಪತ್ರದ 16ನೇ ಅಧ್ಯಾಯದಲ್ಲಿ ಹೆಂಗಸರ ಹೆಸರು ಹಿಡಿದೇ ವಂದನೆ ಹೇಳುತ್ತಾನೆ. ಗ್ರೀಸಿನ ಬಂದರು ಕೆಂಖ್ರೆಯ ಫೊಯಿಬೆ ಅವನಿಗೂ ಇನ್ನೂ ಅನೇಕರಿಗೂ ನೆರವಾದವಳು. ಪ್ರಿಸ್ಕ ಮತ್ತು ಗಂಡ ಅಕ್ವಿಲ ಇವನಿಗಾಗಿ ಪ್ರಾಣ ಕೊಡೋಕೂ ತಯಾರಿದ್ದವರು, ಅವರ ಮನೆಯಲ್ಲೇ ಸಭೆ ಸೇರುತ್ತಿತ್ತು. ಆಗ ಚರ್ಚ್ ಕಟ್ಟಡ ಎಲ್ಲಿತ್ತು? ಯಾರೋ ಬಾಗಿಲು ತೆರೆಯಬೇಕಿತ್ತು ಅಲ್ವಾ. ಈಗಿನ ಗ್ರೀಸಿನಲ್ಲಿದ್ದ ಫಿಲಿಪ್ಪಿ ಊರಲ್ಲಿ ತೆರೆದವಳು ಲುದ್ಯ, ದುಬಾರಿ ನೇರಳೆ ಬಟ್ಟೆಯ ವ್ಯಾಪಾರಿ.

ಆಮೇಲೆ ಅದೇ ಹೊಸ ಒಡಂಬಡಿಕೆಯಲ್ಲಿ, ಪೌಲನ ಹೆಸರಲ್ಲಿ ಅವನ ಜೊತೆಗಾರ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ, ಹೆಂಗಸರು ಉಪದೇಶ ಮಾಡಬಾರದು, ಸುಮ್ನಿರಬೇಕು ಅಂತಲೂ ಇದೆ. ಅದನ್ನು ಬರೆದದ್ದು ಪೌಲ ಅಲ್ಲ ಅಂತ ತುಂಬ ವಿದ್ವಾಂಸರು ಹೇಳುತ್ತಾರೆ. ಚರ್ಚಿನ ಪ್ರಸಂಗದಲ್ಲಿ ನಾನು ಜಾಸ್ತಿ ಕೇಳಿರೋದು ಮಾತ್ರ ಇದೇ ವಾಕ್ಯ. ಫೊಯಿಬೆ ಬಗ್ಗೆ ನೀವು ಯಾರಾದ್ರೂ ಕೇಳಿದ್ದೀರಾ?