ಶನಿವಾರ ಗಾಳಿಗೆ, ಸೋಮವಾರ ಪ್ಯಾಚಿಗೆ

ನೀರಾಟದ ಗಾಳಿ ಟ್ಯೂಬೊಂದು ಶನಿವಾರ ಗಾಳಿ ಹೊಡೆಸೋಕೆ ಬಂದಿತ್ತು, ಸೋಮವಾರ ಪ್ಯಾಚಿಗೆ ಬಂತು. ನಡುವಿನ ಭಾನುವಾರ ಅದನ್ನು ಎಳೆದ ಕೆರೇಲಿ ನಾನೂ ಇದ್ದೆ.

ಕುಶಾಲನಗರದಲ್ಲಿ ನನ್ನದು ಪಂಕ್ಚರ್ ಅಂಗಡಿ. ಏಪ್ರಿಲ್ ರಜೆಗೆ ಸುಂಟಿಕೊಪ್ಪ ಕಡೆಯ ತೋಟವೊಂದರ ಸಾಹುಕಾರ್ರ ಅಳಿಯ ಬೆಂಗಳೂರಿಂದ ಬಂದವರು, ಜೀಪಿನ ಹಿಂಬದಿಯಿಂದ ಕೆಂಪು-ಹಳದಿ ಬಣ್ಣದ ದೊಡ್ಡ ಗಂಟೊಂದನ್ನು ಇಳಿಸಿದರು. ಮೋಟಾರ್ ಬೋಟಿನ ಹಿಂದೆ ಹಗ್ಗ ಕಟ್ಟಿ ಎಳೆಯೋ ಗಾಳಿ ಟ್ಯೂಬು. ಇಬ್ಬರು ಕೂರೋದು.

ಟ್ಯೂಬು ಅಂದ್ರೆ ನನಗೆ ಲಾರಿ ಟ್ಯೂಬೇ. ನಾವು ಈಜು ಕಲಿತದ್ದೇ ಅದರ ಮೇಲೆ, ಕಾವೇರಿ ಹೊಳೆಯಲ್ಲಿ. ಅದರ ವಾಲ್ವಿನ ಕತ್ತು ಪಕ್ಕೆಗೆ ಗೀರಿದ ಗುರುತು ಇನ್ನೂ ಇದೆ. ಇದು ಬೇರೆಯೇ ಜಾತಿ. ಮೇಲೆ ಗಟ್ಟಿ ನೈಲಾನ್ ಬಟ್ಟೆ, ಅದಕ್ಕೊಂದು ಜಿಪ್, ಒಳಗೆ ಪಿವಿಸಿ ಪ್ಲಾಸ್ಟಿಕ್ ಚೀಲ. ಇದರಲ್ಲೂ ಬಗೆಬಗೆ ಇದೆ. ಚಪ್ಪಟೆ ಹಾಸಿಗೆಯಂಥದ್ದರ ಮೇಲೆ ಬೋರಲು ಮಲಗಿ ಹಿಡಿ ಹಿಡ್ಕೋಬೇಕು. ತೊಟ್ಟಿಯಂಥದ್ದರಲ್ಲಿ ಸೊಂಟ ಕೆಳಗಿಟ್ಟು ಒಳಗೇ ಕೂರಬಹುದು. ಬೆನ್ನಿಗೆ ಆಸರೆ ಇರೋ ಸೋಫಾದಂಥದ್ದೂ ಬರುತ್ತೆ. ಮಕ್ಕಳಿಗಾದ್ರೆ ತೊಟ್ಟಿಯೇ ವಾಸಿ, ಜಾರೋದು ಕಡಿಮೆ. ಇವರು ತಂದದ್ದು ಹಾಸಿಗೆ. ಫೋಟೋದಲ್ಲಿ ಚೆನ್ನಾಗಿ ಕಾಣ್ತಿತ್ತಂತೆ.

"ಕಂಪ್ರೆಸರ್ ಇಟ್ಟು ಒಂದೇ ನಿಮಿಷಕ್ಕೆ ತುಂಬ್ಸಿ" ಅಂದ್ರು. ನಾನು ಒಪ್ಪಲಿಲ್ಲ. ಕಾರಿನ ಟೈರಿಗೆ 30-33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕು, ಲಾರಿಗೆ 100 ದಾಟುತ್ತೆ. ಇದಕ್ಕೆ ಬೇಕಾದ್ದು ಒಂದೆರಡು ಪಿಎಸ್‌ಐ, ಅಷ್ಟಕ್ಕೆ ನನ್ನ ಗೇಜಿನ ಮುಳ್ಳು ಅಲ್ಲಾಡೋದೂ ಇಲ್ಲ. ಕಂಪ್ರೆಸರ್ ಹಿಡಿದ್ರೆ ಹೊಲಿಗೆ ಬಿಚ್ಚಿಕೊಂಡು ಬರುತ್ತೆ. ಮಲಗೋ ಗಾಳಿ ಹಾಸಿಗೆಗೆ ಗಾಳಿ ತುಂಬೋ ಪಂಪಿನಲ್ಲೇ ತುಂಬಿದೆ. ಬಟ್ಟೆಯ ಸುಕ್ಕೆಲ್ಲ ಹೋಗಬೇಕು, ಮಂಡಿ ಊರಿದ್ರೆ ಒಂದೆರಡು ಇಂಚು ಮಾತ್ರ ತಗ್ಗಬೇಕು, ಅದೇ ಅಳತೆ. ಗಾಳಿ ಕಡಿಮೆಯಾದ್ರೆ ಟ್ಯೂಬು ನೀರಿನ ಮೇಲೆ ಏಳದೆ ಉಳುಮೆ ಮಾಡ್ಕೊಂಡು ಹೋಗುತ್ತೆ, ಹಗ್ಗಕ್ಕೂ ಎಂಜಿನ್ನಿಗೂ ಭಾರ. ತುಂಬಿಸಿ ಬಿಸಿಲಲ್ಲಿ ಬಿಟ್ರೆ ಗಾಳಿ ಉಬ್ಬುತ್ತೆ, ಸ್ವಲ್ಪ ಬಿಡಬೇಕು. ತಣ್ಣೀರಿಗೆ ಇಳಿಸಿದ ಮೇಲೆ ಮೆತ್ತಗಾದ್ರೆ ಮತ್ತೆ ತುಂಬಬೇಕು.

ಹಗ್ಗ ನೋಡಿ ನನಗೆ ನಗು ಬಂತು. ಜೀಪಿನ ಮೇಲೆ ಕಾಫಿ ಮೂಟೆ ಬಿಗಿಯೋ ಹಗ್ಗ! ಅಮೆರಿಕದ ವಾಟರ್ ಸ್ಪೋರ್ಟ್ಸ್ ಇಂಡಸ್ಟ್ರಿ ಅಸೋಸಿಯೇಷನ್ ಲೆಕ್ಕದಲ್ಲಿ ಇಬ್ಬರು ಕೂರೋ ಟ್ಯೂಬಿನ ಹಗ್ಗ ಕನಿಷ್ಠ 2,375 ಪೌಂಡ್, ಅಂದ್ರೆ ಸಾವಿರ ಕಿಲೋ ಮೇಲೆ ಎಳೆತ ತಡೀಬೇಕು. ನಾಲ್ವರಿಗಾದ್ರೆ 4,100 ಪೌಂಡ್. ಉದ್ದ 50ರಿಂದ 65 ಅಡಿ. ಟ್ಯೂಬಿನ ಜೊತೆ ಬಂದ ಚೀಟಿಯಲ್ಲೇ ಇದೆಲ್ಲ ಇತ್ತು, ಯಾರೂ ಬಿಚ್ಚಿ ನೋಡಿರಲಿಲ್ಲ. ಬಿಗಿಯಾಗಿ ಹಿಗ್ಗಿದ ಹಗ್ಗ ತುಂಡಾದ್ರೆ ಚಾಟಿಯ ಹಾಗೆ ಬೋಟಿನವರ ಕಡೆಗೇ ಬರುತ್ತೆ. ಇಷ್ಟು ಹೇಳಿದ ಮೇಲೆ ಆ ಹಗ್ಗ ಬಿಟ್ಟು ಸರಿಯಾದ್ದೇ ತರಿಸಿದ್ರು, ಅದು ಅವರ ದೊಡ್ಡತನ. ನನ್ನನ್ನೂ ಕರೆದ್ರು.

ಆದ್ರೆ ನೀರಿನ ವಿಷಯ ನನಗೂ ಹೊಳೀಲಿಲ್ಲ. ಹಾರಂಗಿ ಹಿನ್ನೀರಲ್ಲಿ ನಮ್ಮಿಷ್ಟಕ್ಕೆ ಬೋಟ್ ಇಳಿಸೋ ಹಾಗಿಲ್ಲ ಅಂತ ತೋಟದ ಕೆರೆಯನ್ನೇ ಆರಿಸಿದ್ರು. ಉದ್ದ ಇನ್ನೂರು ಮೀಟರ್ ಇರಬಹುದು. ಅದೂ ಏಪ್ರಿಲ್. ಕಾಫಿ ಹೂವಿಗೆ ಅಂತ ಫೆಬ್ರವರಿ-ಮಾರ್ಚಲ್ಲಿ ಸ್ಪ್ರಿಂಕ್ಲರ್ ಹಾಕಿ ನೀರೆಳೆದು ಕೆರೆ ಅರ್ಧಕ್ಕೆ ಇಳಿದಿತ್ತು. ದಡದ ಹತ್ತಿರ ಹಳೇ ಮರದ ಬೊಡ್ಡೆಯೊಂದು ತಲೆ ಎತ್ತಿತ್ತು.

ಮೊದಲ ಸುತ್ತು ಮಕ್ಕಳದ್ದು. ಲೈಫ್ ಜಾಕೆಟ್ ಹಾಕಿ, ಮೆಲ್ಲಗೆ, ಚೆನ್ನಾಗೇ ಆಯ್ತು. ಬೋಟ್ ಓಡಿಸೋರು ಮುಂದೆ ನೋಡ್ತಾರೆ, ಹಿಂದೆ ನೋಡೋಕೆ ಇನ್ನೊಬ್ಬರು ಬೇಕೇ ಬೇಕು. ಆ ಕೆಲಸ ನನ್ನದಾಗಿತ್ತು. ಟ್ಯೂಬಿನ ಮೇಲಿರೋರು ಕೈಸನ್ನೆಯಲ್ಲೇ ಹೇಳಬೇಕು: ಹೆಬ್ಬೆರಳು ಮೇಲೆ ಅಂದ್ರೆ ಜೋರು, ಕೆಳಗೆ ಅಂದ್ರೆ ನಿಧಾನ, ಕತ್ತಿನ ಹತ್ತಿರ ಕೈ ಆಡಿಸಿದ್ರೆ ನಿಲ್ಸಿ.

ಎರಡನೇ ಸುತ್ತಿಗೆ ಅಳಿಯಂದಿರ ಭಾವಮೈದುನನ ಜೊತೆ ತೋಟದ ಲೆಕ್ಕ ಬರೆಯೋ ರೈಟರ್ ಹತ್ತಿದ್ರು. ಲುಂಗಿ ಬೇಡ ಅಂತ ಎಲ್ಲರೂ ಹೇಳಿದ್ವಿ, ಎತ್ತಿ ಕಟ್ಟಿದ್ರು. ಏರಿ ಹತ್ತಿರ ಬೋಟ್ ತಿರುಗ್ತು. ಬೋಟು ಒಳಸುತ್ತಲ್ಲಿ ತಿರುಗಿದ್ರೆ ಟ್ಯೂಬು ಹೊರಸುತ್ತಲ್ಲಿ, ಬೋಟಿಗಿಂತ ಜೋರಾಗಿ ಬೀಸಿಕೊಂಡು ಹೋಗುತ್ತೆ, ಕವಣೆ ಕಲ್ಲಿನ ಹಾಗೆ. ದೊಡ್ಡವರಿಗೂ ಗಂಟೆಗೆ 30 ಕಿಲೋಮೀಟರ್ ಆಚೆ ಹೋಗಬಾರದು ಅಂತಾರೆ, ನಾವು ಅಷ್ಟೇನೂ ಹೋಗಿರಲಿಲ್ಲ. ಆದ್ರೂ ಆ ಅರವತ್ತು ಅಡಿ ಹಗ್ಗಕ್ಕೆ ಬೀಸೋ ಜಾಗ ಆ ಕೆರೇಲಿ ಇರಲಿಲ್ಲ. ರೈಟರ್ ಕತ್ತಿನ ಹತ್ತಿರ ಕೈ ತಂದಿದ್ದು ಕಂಡಿತು, ನಾನು "ನಿಲ್ಸಿ" ಅಂದೆ, ಎಂಜಿನ್ ಆಫ್ ಆಯ್ತು. ಟ್ಯೂಬು ನಿಲ್ಲಲಿಲ್ಲ. ಬೊಡ್ಡೆಗೆ ಸವರಿತು. ಇಬ್ಬರೂ ಕೆಸರಿಗೆ ಬಿದ್ರು. ಭಾವಮೈದುನನ ಮೊಣಕೈ ತರಚಿತು. ರೈಟರ್‌ಗೆ ಏನೂ ಆಗಲಿಲ್ಲ, ಲುಂಗಿ ಮಾತ್ರ ಸಿಗಲಿಲ್ಲ.

ಸೋಮವಾರ ಅಂಗಡಿ ಬಾಗಿಲಲ್ಲಿ ಟ್ಯೂಬು. ಬಟ್ಟೆ ಒಂದು ಗೇಣು ಹರಿದಿತ್ತು, ಒಳಗಿನ ಚೀಲದಲ್ಲಿ ಸಣ್ಣ ತೂತು. ನನ್ನ ಹುಡುಗ ಅಭ್ಯಾಸಬಲಕ್ಕೆ ಹಾಟ್ ಪ್ಯಾಚ್ ಮೆಷಿನ್ ಸ್ವಿಚ್ ಹಾಕಿಬಿಟ್ಟಿದ್ದ! ರಬ್ಬರಿಗೆ ಅದು ಸರಿ, ಪಿವಿಸಿ ಆ ಶಾಖಕ್ಕೆ ಕರಗಿಹೋಗುತ್ತೆ. ಜಿಪ್ ತೆಗೆದು ಚೀಲ ಹೊರಗೆಳೆದು, ಸೋಪಿನ ನೀರು ಸವರಿ ಗುಳ್ಳೆ ಎದ್ದ ಜಾಗಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದೆ. ಒರೆಸಿ ಒಣಗಿಸಿ, ಸ್ಪಿರಿಟ್ಟಲ್ಲಿ ಉಜ್ಜಿ, ಪಿವಿಸಿ ಗಮ್ಮಲ್ಲಿ ಪಿವಿಸಿ ತುಂಡನ್ನೇ ಅಂಟಿಸಿ, ಮೇಲೆ ಜಾಕ್ ಇಟ್ಟು ಮಾರನೇ ದಿನದ ತನಕ ಮುಟ್ಟಲಿಲ್ಲ. ಬಟ್ಟೆಯನ್ನು ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯೋರು ನೈಲಾನ್ ದಾರದಲ್ಲಿ ಹೊಲಿದುಕೊಟ್ರು. ಚೆನ್ನಾಗಿ ನಿಂತಿದೆ. ಆದ್ರೆ ಅದನ್ನು ಇನ್ನು ಎಳೆಯೋದು ಬೇಡ, ಕೆರೆ ತುಂಬಿದಾಗ ದಡಕ್ಕೆ ಕಟ್ಟಿ ಮಕ್ಕಳು ಮಲಗೋಕೆ ಸಾಕು ಅಂದೆ.

ಮೊನ್ನೆ ಅಳಿಯಂದಿರು ಫೋನ್ ಮಾಡಿ, ದಸರಾ ರಜೆಗೆ ಬರ್ತೀವಿ, ಹಳೇ ಲಾರಿ ಟ್ಯೂಬ್ ಇದ್ರೆ ಎರಡು ಎತ್ತಿಡಿ ಅಂದ್ರು. ಲಾರಿಗಳಿಗೂ ಟ್ಯೂಬ್‌ಲೆಸ್ ಬಂದು ಈಗ ಟ್ಯೂಬು ಮೊದಲಿನಷ್ಟು ನನ್ನ ಕೈಗೆ ಸಿಗಲ್ಲ. ಹುಡುಕಿದ್ದಕ್ಕೆ ಒಂದು ಸಿಕ್ತು, ವಾಲ್ವಿನ ಕತ್ತು ಡೊಂಕಾಗಿರೋದು. ಅದಕ್ಕೆ ಬಟ್ಟೆ ಸುತ್ತಿ ಇಟ್ಟಿದ್ದೇನೆ.